ಸೈಕಲ್ಲಿಗೆ ಎರಡು ಬ್ರೇಕ್ ಯಾಕೆ?

 

ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಗಂಡಾಂತರ ಸ್ವಲ್ಪದರಲ್ಲಿ ತಪ್ಪಿತು. ಆರನೇ ತರಗತಿ ಓದುವ ನನ್ನ ಮೊಮ್ಮಗಳು ರಜೆಗೆಂದು ಸಾಗರಕ್ಕೆ ಬಂದಿದ್ದಾಳೆ. ನಮ್ಮ ಮನೆಯಿಂದ ರಸ್ತೆಗೆ ಹೋಗುವ ದಾರಿ ಒಳ್ಳೆಯ ಇಳಿಜಾರು. ಅವಳು ಸೈಕಲ್ ಹತ್ತಿ ಜೋರಾಗಿ ಇಳಿಯುವಾಗ ಮುಂದಿನ ಬ್ರೇಕಿನ ವೈರ್ ಟಪ್ಪೆಂದು ತುಂಡಾಯಿತು. ಕೆಳಗೆ ಬಸ್ಸು ಓಡಾಡುವ ರಸ್ತೆ. ನಾನು ಜಗಲಿಯಲ್ಲಿ ನಿಂತು ಕೂಗಿದೆನೇ ಹೊರತು ಇನ್ನೇನೂ ಮಾಡಲಾಗಲಿಲ್ಲ. ಅವಳು ಹಿಂದಿನ ಬ್ರೇಕ್ ಒತ್ತಿಹಿಡಿದಳು. ಸೈಕಲ್ ಮಣ್ಣಿನಲ್ಲಿ ಜಾರುತ್ತ ಹೋಗಿ ಬೇಲಿಯ ಹತ್ತಿರ ನಿಂತಿತು. ಮೊಣಕಾಲು ತರಚಿತು, ಅಷ್ಟೇ.

ಸಂಜೆ ಸೈಕಲ್ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯವರು ವೈರ್ ಬದಲಿಸುತ್ತ, "ಟೀಚರಮ್ಮ, ಎರಡು ಬ್ರೇಕ್ ಕೊಡೋದೇ ಇದಕ್ಕೆ. ಒಂದು ಹೋದ್ರೂ ಇನ್ನೊಂದು ಕಾಯ್ತದೆ. ಎರಡೂ ಹೋದ್ರೆ ಮಾತ್ರ ದೇವರೇ ಗತಿ" ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಯಾಕೆಂದರೆ ಮನೆಗೆ ಬಂದಾಗ ನನ್ನ ಚಿಕ್ಕಮ್ಮನ ಮಗ ಬಂದು ಕೂತಿದ್ದ. ಅವನಿಗೆ ಬಲಗಣ್ಣು ಗಾಜಿನದು. ನನ್ನ ಮೊಮ್ಮಗಳು ಅವನನ್ನು ಚಿಕ್ಕಜ್ಜ ಎಂದು ಕರೆಯುತ್ತಾಳೆ. ಅವನು ಹೋದ ಮೇಲೆ ಮೆಲ್ಲಗೆ ಕೇಳಿದಳು:

"ಅಜ್ಜಿ, ಚಿಕ್ಕಜ್ಜನ ಆ ಕಣ್ಣಿಗೆ ಏನಾಗಿತ್ತು?"

"ಬ್ರೇಕ್ ಹೋಗಿತ್ತು ಪುಟ್ಟಿ. ಎರಡೂ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅವಳಿಗೆ ಹೇಳಿದ್ದನ್ನೇ ಈ ವಾರ ನಿಮಗೂ ಹೇಳುತ್ತೇನೆ.

ನಾವೆಲ್ಲ ಅಮ್ಮನ ಹೊಟ್ಟೆಯಲ್ಲಿ ಒಂದೇ ಒಂದು ಜೀವಕೋಶದಿಂದ ಶುರುವಾದವರು. ಅದು ಎರಡಾಯಿತು, ಎರಡು ನಾಲ್ಕಾಯಿತು, ನಾಲ್ಕು ಎಂಟಾಯಿತು. ದೊಡ್ಡವರ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಹೆಚ್ಚುವುದು ದೊಡ್ಡ ಕೆಲಸ, ನಿಜ. ಅದಕ್ಕಿಂತ ದೊಡ್ಡ ಕೆಲಸ ಯಾವುದು ಗೊತ್ತೇ? ಸರಿಯಾದ ಹೊತ್ತಿಗೆ ನಿಲ್ಲುವುದು. ಮೂಗು ಮೂಗಿನಷ್ಟೇ ಇರಬೇಕು. ಎಡಗೈ ಬಲಗೈಯಷ್ಟೇ ಉದ್ದ ಬೆಳೆಯಬೇಕು. ಬೆರಳಿಗೆ ಗಾಯವಾದರೆ ಚರ್ಮ ಬೆಳೆದು ಮುಚ್ಚಬೇಕು, ಮುಚ್ಚಿದ ಮೇಲೆ ಸುಮ್ಮನಾಗಬೇಕು.

ಇದನ್ನೆಲ್ಲ ನಡೆಸುವ ಸೂಚನೆಗಳು ಕೋಶದೊಳಗಿನ ವಂಶವಾಹಿಗಳಲ್ಲಿವೆ. ಕೆಲವು ವಂಶವಾಹಿಗಳು "ಬೆಳೆ, ಎರಡಾಗು" ಎನ್ನುತ್ತವೆ. ಅವು ಪೆಡಲ್ ಇದ್ದ ಹಾಗೆ. ಕೆಲವು "ಸಾಕು, ನಿಲ್ಲು" ಎನ್ನುತ್ತವೆ. ಅವು ಬ್ರೇಕು. ನಮ್ಮ ವರ್ಣತಂತುಗಳು 23 ಜೊತೆ. ಪ್ರತಿ ಜೊತೆಯಲ್ಲೂ ಒಂದು ಅಮ್ಮನಿಂದ, ಇನ್ನೊಂದು ಅಪ್ಪನಿಂದ ಬಂದದ್ದು. ಹಾಗಾಗಿ ಈ ಬ್ರೇಕುಗಳೂ ಸೈಕಲ್ಲಿನಲ್ಲಿರುವಂತೆ ಎರಡೆರಡು. ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಒಂದೇ ಕೋಶದಲ್ಲಿ ಎರಡೂ ಕೆಟ್ಟರೆ ಆ ಕೋಶಕ್ಕೆ ನಿಲ್ಲುವುದು ಗೊತ್ತಾಗುವುದಿಲ್ಲ. ಅದು ಹೆಚ್ಚುತ್ತ ಹೋಗಿ ಗಡ್ಡೆ ಕಟ್ಟಬಹುದು. ಆದ್ದರಿಂದ ಈ ಬ್ರೇಕುಗಳನ್ನು ವಿಜ್ಞಾನಿಗಳು ಗಡ್ಡೆ ತಡೆಯುವ ವಂಶವಾಹಿಗಳು ಎಂದು ಕರೆದರು.

ಈಗ ಚಿಕ್ಕಜ್ಜನ ಕಥೆಗೆ ಬರೋಣ.

ಅವನು ಹುಟ್ಟಿದಾಗ ನನಗೆ ಹತ್ತು ವರ್ಷ. ಆಗ ನಮ್ಮೂರಿಗೆ ಕರೆಂಟ್ ಬಂದಿರಲಿಲ್ಲ. ಅವನಿಗೆ ಎರಡು ವರ್ಷವಾದಾಗ, ರಾತ್ರಿ ಲಾಟೀನು ಹಿಡಿದು ಹತ್ತಿರ ಹೋದರೆ ಬಲಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತಿತ್ತು. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುತ್ತದಲ್ಲ, ಹಾಗೆ. ನಾವು ಮಕ್ಕಳು ಅವನನ್ನು "ಬೆಕ್ಕಿನ ಮರಿ" ಎಂದು ಆಡಿಸುತ್ತಿದ್ದೆವು. ನೆನೆದರೆ ಈಗಲೂ ಸಂಕಟವಾಗುತ್ತದೆ. ದೊಡ್ಡವರು ದೃಷ್ಟಿ ತೆಗೆದರು, ತಾಯಿತ ಕಟ್ಟಿಸಿದರು. ಕೆಲವು ತಿಂಗಳು ಹಾಗೇ ಕಳೆಯಿತು. ಕಣ್ಣು ಕೆಂಪಾಗಿ ಊದಿಕೊಂಡಾಗ ಬಸ್ಸು ಹತ್ತಿಸಿ ದೂರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನೊಳಗೆ ಗಡ್ಡೆ ಬೆಳೆದಿದೆ, ಕಣ್ಣು ತೆಗೆದರೆ ಮಗು ಉಳಿಯುತ್ತದೆ ಎಂದರು ಡಾಕ್ಟರು. ತೆಗೆದರು. ಮಗು ಉಳಿಯಿತು.

ಅದರ ಹೆಸರು ರೆಟಿನೊಬ್ಲಾಸ್ಟೊಮ. ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಗ್ರಹಿಸುವ ತೆಳುವಾದ ಪದರವಿದೆ, ಅಕ್ಷಿಪಟಲ. ಅಲ್ಲಿ ಹುಟ್ಟುವ ಕ್ಯಾನ್ಸರ್ ಇದು. 15ರಿಂದ 20 ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಹೆಚ್ಚಾಗಿ ಐದು ವರ್ಷದೊಳಗೆ. ಅಕ್ಷಿಪಟಲ ಕಟ್ಟುವ ಕೋಶಗಳು ಹೆಚ್ಚುವುದು ಮಗು ಹೊಟ್ಟೆಯಲ್ಲಿದ್ದಾಗ ಮತ್ತು ತೀರ ಎಳೆಯದಿದ್ದಾಗ. ಆಮೇಲೆ ಅವು ನಿಲ್ಲುತ್ತವೆ. ನಿಂತ ಸೈಕಲ್ಲಿಗೆ ಬ್ರೇಕ್ ಹೋದರೆ ಚಿಂತೆಯಿಲ್ಲ. ಓಡುತ್ತಿರುವಾಗ ಹೋದರೇ ಅಪಾಯ.

ಆಸ್ಪತ್ರೆಯಿಂದ ಬಂದ ಮೇಲೆ ಊರಿನಲ್ಲಿ ಇನ್ನೊಂದು ಮಾತು ಹುಟ್ಟಿತು. ಬಸುರಿಯಾಗಿದ್ದಾಗ ಚಿಕ್ಕಮ್ಮ ಗ್ರಹಣದ ಹೊತ್ತಿನಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ತರಕಾರಿ ಹೆಚ್ಚಿದ್ದಳಂತೆ, ಅದಕ್ಕೇ ಮಗುವಿನ ಕಣ್ಣು ಹೋಯಿತಂತೆ. ಯಾರೋ ಬಾವಿಕಟ್ಟೆಯಲ್ಲಿ ಆಡಿದ ಮಾತು. ಆಡಿದವರು ಮರೆತರು. ಚಿಕ್ಕಮ್ಮ ಮರೆಯಲಿಲ್ಲ. ಅಂದಿನಿಂದ ಪ್ರತಿ ಗ್ರಹಣಕ್ಕೂ ಒಳಕೋಣೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಕೂರುತ್ತಿದ್ದಳು.

ನಮ್ಮ ಮನೆಯಲ್ಲಿ ಹೀಗಿರುವಾಗ, ದೂರದ ಅಮೆರಿಕದಲ್ಲಿ ಆಲ್‌ಫ್ರೆಡ್ ನಡ್ಸನ್ ಎಂಬ ಮಕ್ಕಳ ಡಾಕ್ಟರು ಇದೇ ಕಾಯಿಲೆಯ ಬಗ್ಗೆ ಯೋಚಿಸುತ್ತಿದ್ದರು. ಹ್ಯೂಸ್ಟನ್ ನಗರದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಹಲವು ವರ್ಷಗಳಿಂದ ಸೇರಿದ್ದ 48 ಮಕ್ಕಳ ದಾಖಲೆಗಳನ್ನು ಮುಂದಿಟ್ಟುಕೊಂಡು ಕೂತರು. ಅವರಿಗೆ ಒಂದು ವಿಚಿತ್ರ ಕಂಡಿತು. ಕೆಲವು ಮಕ್ಕಳಿಗೆ ಎರಡೂ ಕಣ್ಣಿಗೆ ಗಡ್ಡೆ, ಅದೂ ತೀರ ಬೇಗ. ಇನ್ನು ಕೆಲವರಿಗೆ ಒಂದೇ ಕಣ್ಣಿಗೆ, ಅದೂ ತಡವಾಗಿ. ಯಾಕೆ ಹೀಗೆ?

ಅವರ ಉತ್ತರ ತಿಳಿಯಬೇಕಾದರೆ ಒಂದು ಆಟ ಆಡಬೇಕು. ಹಾವು ಏಣಿ ಆಟದ ದಾಳ ಎರಡು ತನ್ನಿ. ನೀವು ಒಂದೇ ದಾಳ ಹಾಕಿ, ಆರು ಬೀಳುವವರೆಗೆ ಎಷ್ಟು ಸಲ ಹಾಕಿದಿರಿ ಎಂದು ಎಣಿಸಿ. ಅಜ್ಜನೋ ಅಜ್ಜಿಯೋ ಎರಡು ದಾಳ ಒಟ್ಟಿಗೆ ಹಾಕಲಿ, ಎರಡರಲ್ಲೂ ಆರು ಬೀಳುವವರೆಗೆ. ಹಲವು ಸಲ ಆಡಿ ನೋಡಿದರೆ ನಿಮಗೆ ಸರಾಸರಿ 6 ಸಲ ಸಾಕು. ಅವರಿಗೆ ಸರಾಸರಿ 36 ಸಲ ಬೇಕು. ನಾನು ಆಡಿದಾಗ 52ನೇ ಸಲಕ್ಕೆ ಬಿತ್ತು, ಮೊಮ್ಮಗಳು ಅಷ್ಟರಲ್ಲಿ ದೋಸೆ ತಿಂದು ಬಂದಿದ್ದಳು.

ನಡ್ಸನ್ 1971ರಲ್ಲಿ ಬರೆದದ್ದು ಹೆಚ್ಚುಕಡಿಮೆ ಇದೇ ಲೆಕ್ಕ. ಕೆಲವು ಮಕ್ಕಳಲ್ಲಿ ಹುಟ್ಟುವಾಗಲೇ ಎಲ್ಲ ಕೋಶಗಳಲ್ಲೂ ಒಂದು ಬ್ರೇಕ್ ಕೆಟ್ಟಿರುತ್ತದೆ. ಇನ್ನೊಂದು ಕೆಟ್ಟರೆ ಸಾಕು, ಗಡ್ಡೆ. ಒಂದು ದಾಳದ ಆಟ ಇದು. ಹಾಗಾಗಿ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುವುದು ಹೆಚ್ಚು. ಉಳಿದ ಮಕ್ಕಳಿಗೆ ಎರಡೂ ಬ್ರೇಕು ಸರಿಯಾಗಿಯೇ ಇರುತ್ತವೆ. ಅಕ್ಷಿಪಟಲದ ಲಕ್ಷಾಂತರ ಕೋಶಗಳಲ್ಲಿ ಯಾವುದೋ ಒಂದೇ ಕೋಶದಲ್ಲಿ ಮೊದಲು ಒಂದು, ಆಮೇಲೆ ಇನ್ನೊಂದು ಕೆಡಬೇಕು. ಇದು ಎರಡು ದಾಳದ ಆಟ. ಅಪರೂಪಕ್ಕೆ ಆಗುತ್ತದೆ, ತಡವಾಗಿ ಆಗುತ್ತದೆ, ಒಂದೇ ಕಣ್ಣಿನಲ್ಲಿ ಆಗುತ್ತದೆ. ಇದಕ್ಕೆ "ಎರಡು ಪೆಟ್ಟಿನ" ಸಿದ್ಧಾಂತ ಎಂದು ಹೆಸರಾಯಿತು.

ಗಮನಿಸಿ ಮಕ್ಕಳೇ, ಆ ವಂಶವಾಹಿಯನ್ನು ಆಗ ಯಾರೂ ಕಂಡಿರಲಿಲ್ಲ. ಮಕ್ಕಳ ವಯಸ್ಸು, ಒಂದು ಕಣ್ಣೋ ಎರಡು ಕಣ್ಣೋ ಎಂಬ ಲೆಕ್ಕ, ಇಷ್ಟೇ ಅವರ ಕೈಯಲ್ಲಿದ್ದದ್ದು. 15 ವರ್ಷದ ಮೇಲೆ, 1986ರಲ್ಲಿ, ಬಾಸ್ಟನ್ ನಗರದ ವಿಜ್ಞಾನಿಗಳು 13ನೇ ವರ್ಣತಂತುವಿನಲ್ಲಿ ಆ ವಂಶವಾಹಿಯನ್ನು ಹಿಡಿದೇ ಬಿಟ್ಟರು. ಅವರಲ್ಲಿ ಒಬ್ಬರು, ಥಡ್ಡಿಯಸ್ ಡ್ರೈಜಾ, ಕಣ್ಣಿನ ಡಾಕ್ಟರು. ಕಾಯಿಲೆಯ ಹೆಸರಿನಿಂದಲೇ ಅದಕ್ಕೆ ಆರ್‌ಬಿ ಎಂದು ಹೆಸರು. ನಡ್ಸನ್ ಹೇಳಿದ್ದು ಸರಿಯಾಗಿತ್ತು.

ಆರ್‌ಬಿ ಹೇಗೆ ಬ್ರೇಕ್ ಹಾಕುತ್ತದೆ? ಕೋಶ ಎರಡಾಗುವ ಮೊದಲು ತನ್ನ ಡಿಎನ್‌ಎಯ ನಕಲು ತೆಗೆಯಬೇಕು. ಆ ಕೆಲಸ ಶುರು ಮಾಡಿಸುವ ಒಂದು ಪ್ರೋಟೀನ್ ಇದೆ, ಹೆಸರು ಇ2ಎಫ್. ಆರ್‌ಬಿ ಪ್ರೋಟೀನ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ. ಬೆಳೆಯುವ ಹೊತ್ತು ಬಂದಾಗ ಆರ್‌ಬಿಗೆ ಫಾಸ್ಫೇಟ್ ಬಂದು ಅಂಟುತ್ತದೆ, ಹಿಡಿತ ಸಡಿಲವಾಗುತ್ತದೆ, ನಕಲು ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಮತ್ತೆ ಹಿಡಿತ. ಚಿಕ್ಕ ಮಗುವನ್ನು ಸಂತೆಗೆ ಕರೆದುಕೊಂಡು ಹೋಗುವ ಅಜ್ಜಿ ಕೈ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು ಮಾಡುತ್ತಾಳಲ್ಲ, ಅದೇ ರೀತಿ.

ಇಲ್ಲಿ ಒಂದು ಮಾತು ಮರೆಯಬಾರದು. ಗಡ್ಡೆ ತಡೆಯುವ ವಂಶವಾಹಿ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಕ್ಯಾನ್ಸರಿಗಾಗಿ ಕಾದು ಕೂತ ಕಾವಲುಗಾರ ಎಂದುಕೊಳ್ಳಬೇಡಿ. ಅದರ ದಿನನಿತ್ಯದ ಕಸುಬು ದೇಹ ಕಟ್ಟುವುದು. 1992ರಲ್ಲಿ ಆರ್‌ಬಿಯ ಎರಡೂ ಪ್ರತಿಗಳಿಲ್ಲದ ಇಲಿಗಳನ್ನು ಬೆಳೆಸಲು ವಿಜ್ಞಾನಿಗಳು ನೋಡಿದರು. ಒಂದು ಮರಿಯೂ ಹುಟ್ಟಲಿಲ್ಲ. ತಾಯಿಯ ಹೊಟ್ಟೆಯಲ್ಲೇ ಸತ್ತವು. ಅವುಗಳ ಕೆಂಪು ರಕ್ತಕಣಗಳು ಸರಿಯಾಗಿ ಬಲಿತಿರಲಿಲ್ಲ, ನರಕೋಶಗಳು ನಿಲ್ಲಬೇಕಾದಲ್ಲಿ ನಿಂತಿರಲಿಲ್ಲ. ಬ್ರೇಕ್ ಇಲ್ಲದೆ ಮರಿ ದೊಡ್ಡದಾಗುವುದಿಲ್ಲ, ಆಕಾರಕ್ಕೇ ಬರುವುದಿಲ್ಲ. ನಾವು ನೀವು ಈ ಭೂಮಿಗೆ ಬಂದದ್ದೇ ಬ್ರೇಕ್ ಸರಿಯಾಗಿದ್ದದ್ದರಿಂದ.

ಇಂಥ ಬ್ರೇಕುಗಳು ಇನ್ನೂ ಹಲವು ಇವೆ. ತುಂಬ ಹೆಸರಾದದ್ದು ಪಿ53. 1979ರಲ್ಲಿ ಸಿಕ್ಕಾಗ ವಿಜ್ಞಾನಿಗಳು ಅದನ್ನು ಪೆಡಲ್ ಎಂದೇ ತಿಳಿದಿದ್ದರು. ಅದು ಬ್ರೇಕು ಎಂದು ಗೊತ್ತಾಗಲು ಹತ್ತು ವರ್ಷ ಬೇಕಾಯಿತು. ಡಿಎನ್‌ಎಗೆ ಪೆಟ್ಟು ಬಿದ್ದರೆ ಪಿ53 ಕೋಶವನ್ನು ತಡೆದು ನಿಲ್ಲಿಸುತ್ತದೆ: ರಿಪೇರಿ ಮಾಡಿಕೋ, ಆಮೇಲೆ ಮುಂದೆ ಹೋಗು ಎಂದು. ರಿಪೇರಿ ಆಗದಷ್ಟು ಕೆಟ್ಟಿದ್ದರೆ ಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಮನುಷ್ಯರ ಕ್ಯಾನ್ಸರುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಇದು ಕೆಟ್ಟಿರುತ್ತದೆ. ಅಜ್ಜಂದಿರೇ, ತಂಬಾಕು ಪೆಟ್ಟು ಕೊಡುವುದು ಈ ವಂಶವಾಹಿಗೂ ಹೌದು. ಬೀಡಿಯ ಹೊಗೆ ಮಾತ್ರವಲ್ಲ, ಎಲೆಯಡಿಕೆಯ ಜೊತೆ ಕವಳಕ್ಕೆ ಹಾಕುವ ಹೊಗೆಸೊಪ್ಪೂ ಸೇರಿ. ಮೊಮ್ಮಕ್ಕಳು ಓದಿ ಹೇಳುತ್ತಿರುವಾಗ ಆ ಕಡೆ ತಿರುಗಬೇಡಿ!

ಮೊಮ್ಮಗಳು ನಡುವೆ ಒಂದು ಒಳ್ಳೆಯ ಪ್ರಶ್ನೆ ಕೇಳಿದಳು: "ಅಜ್ಜಿ, ಹಾಗಾದ್ರೆ ಆನೆಗೆ ನಮಗಿಂತ ಎಷ್ಟೋ ಜಾಸ್ತಿ ಕೋಶ ಇರ್ತದಲ್ಲ? ಅದಕ್ಕೆ ಜಾಸ್ತಿ ಕ್ಯಾನ್ಸರ್ ಬರಬೇಕಲ್ಲ?" ಇಂಗ್ಲೆಂಡಿನ ರಿಚರ್ಡ್ ಪೀಟೋ ಎಂಬ ವಿಜ್ಞಾನಿಗೂ 1970ರ ದಶಕದಲ್ಲಿ ಇಂಥದೇ ಪ್ರಶ್ನೆ ಕಾಡಿತ್ತು. 2015ರಲ್ಲಿ ಒಂದು ಸುಳಿವು ಸಿಕ್ಕಿತು. ನಮ್ಮಲ್ಲಿ ಪಿ53 ವಂಶವಾಹಿ ಒಂದೇ ಜೊತೆ. ಆಫ್ರಿಕಾದ ಆನೆಯಲ್ಲಿ 20 ಜೊತೆ! ನಮ್ಮ ಕಾಡಿನ ಆನೆಗಳಲ್ಲೂ ಇಂಥ ಹೆಚ್ಚುವರಿ ಪ್ರತಿಗಳಿವೆ. ಎಲ್ಲವೂ ಪೂರ್ತಿ ಕೆಲಸ ಮಾಡುತ್ತವೆ ಎಂದಲ್ಲ. ಆದರೂ ಡಿಎನ್‌ಎ ಕೆಟ್ಟ ಕೋಶವನ್ನು ಆನೆಯ ದೇಹ ನಮಗಿಂತ ಬೇಗ ತೆಗೆದುಹಾಕುತ್ತದೆ. ಆನೆ ಕ್ಯಾನ್ಸರಿನಿಂದ ಸಾಯುವುದು ಕಡಿಮೆ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವುದು ನಮ್ಮ ಕರ್ನಾಟಕದಲ್ಲಿ. ಮುಂದಿನ ಸಲ ದಸರಾ ಆನೆ ನೋಡಿದಾಗ, ಎಷ್ಟೊಂದು ಬ್ರೇಕು ಕಟ್ಟಿಕೊಂಡು ನಡೆಯುತ್ತಿದೆ ಎಂದು ನೆನಪು ಮಾಡಿಕೊಳ್ಳಿ.

ಇನ್ನು ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಬೇಕು.

ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ನಡ್ಸನ್ ಲೆಕ್ಕವನ್ನು ಎಷ್ಟೋ ವರ್ಷ ಬೇರೆಯವರ ಮಕ್ಕಳಿಗೆ ಹಲಗೆಯ ಮೇಲೆ ಬರೆದು ತೋರಿಸಿದೆ. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಹಳೆಯ ಗಾಯ ಕೆದಕುವುದು ಬೇಡ ಎಂದುಕೊಂಡೆ. ಚಿಕ್ಕಮ್ಮ ಅದನ್ನೆಲ್ಲ ಮರೆತಿರಬಹುದು ಎಂದೂ ನನಗೆ ನಾನೇ ಹೇಳಿಕೊಂಡೆ.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮಂಗಳೂರು, ಕೊಡಗಿನ ಕಡೆ ಸೂರ್ಯ ಬಳೆಯಂತೆ ಕಂಡಿದ್ದ. ಅಂದು ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಎಪ್ಪತ್ತೇಳು ವರ್ಷದ ಚಿಕ್ಕಮ್ಮ ಬೆಳಗ್ಗೆಯೇ ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡಳು. ಹೋಗಿ ನೋಡಿದರೆ ಅಳುತ್ತಿದ್ದಾಳೆ. ಅವಳು ಏನನ್ನೂ ಮರೆತಿರಲಿಲ್ಲ.

ಅವಳ ಪಕ್ಕ ಕೂತು ಎಲ್ಲ ಹೇಳಿದೆ. "ಚಿಕ್ಕಮ್ಮ, ಮಗುವಿನ ಕಣ್ಣು ಬೆಳೀವಾಗ ಕೋಶ ಪ್ರತಿ ಸಲ ತನ್ನ ಪುಸ್ತಕ ನಕಲು ಮಾಡ್ತದೆ. ಲಕ್ಷಗಟ್ಟಲೆ ನಕಲು. ಎಲ್ಲೋ ಒಂದು ಕಡೆ ಅಕ್ಷರ ತಪ್ಪುತ್ತದೆ. ನಮ್ಮ ತಮ್ಮನಿಗೆ ಒಂದೇ ಕಣ್ಣಿಗೆ ಬಂದದ್ದು, ಮನೆತನದಲ್ಲಿ ಯಾರಿಗೂ ಇರ್ಲಿಲ್ಲ. ಹೆಚ್ಚಾಗಿ ಅವನದ್ದೊಂದು ಕೋಶದಲ್ಲಿ ಎರಡು ಸಲ ತಪ್ಪಾಯ್ತು, ಅಷ್ಟೆ. ಅದಕ್ಕೂ ಗ್ರಹಣಕ್ಕೂ ಸಂಬಂಧವೇ ಇಲ್ಲ. ನಿಂಗೂ ಸಂಬಂಧ ಇಲ್ಲ."

ಅವಳು ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ, "ಡಾಕ್ಟರೂ ಹೀಗೇ ಹೇಳ್ತಾರೇನೇ?" ಎಂದು ಕೇಳಿದಳು.

"ಹೌದು ಚಿಕ್ಕಮ್ಮ. ಎಲ್ಲ ಡಾಕ್ಟರೂ ಹೇಳ್ತಾರೆ."

"ನಾನು ಅವತ್ತು ಹೆಚ್ಚಿದ್ದು ಸೌತೆಕಾಯಿ ಕಣೇ. ಆಮೇಲೆ ಇವತ್ತಿನವರೆಗೂ ಸೌತೆಕಾಯಿ ಹೆಚ್ಚಲಿಲ್ಲ ನಾನು. ಯಾರಿಗೂ ಗೊತ್ತಿಲ್ಲ."

ಐವತ್ತು ವರ್ಷಕ್ಕೂ ಹೆಚ್ಚು ಕಾಲ! ಮನೆತುಂಬ ನಾವಿದ್ದೆವು, ನಮ್ಮಲ್ಲಿ ಒಬ್ಬರೂ ಗಮನಿಸಿರಲಿಲ್ಲ. ನಾನು ಇಪ್ಪತ್ತು ವರ್ಷ ಮೊದಲೇ ಹೇಳಿದ್ದರೆ ಇಪ್ಪತ್ತು ವರ್ಷದ ಅಳು ತಪ್ಪುತ್ತಿತ್ತು. ಮಾರನೇ ದಿನ ಊಟಕ್ಕೆ ಸೌತೆಕಾಯಿ ಪಚಡಿ ಇತ್ತು. ಹೆಚ್ಚಿದವಳು ಚಿಕ್ಕಮ್ಮ. ದೊಡ್ಡ ದೊಡ್ಡ ಹೋಳಾಗಿತ್ತು. ನಾನು ಎರಡು ಸಲ ಹಾಕಿಸಿಕೊಂಡೆ.

ಚಿಕ್ಕಜ್ಜನ ಬಗ್ಗೆಯೂ ಹೇಳಿಬಿಡುತ್ತೇನೆ. ಅವನು ಈಗಲೂ ತೋಟ ನೋಡಿಕೊಂಡಿದ್ದಾನೆ. ಅಷ್ಟೆತ್ತರದ ಮರದಲ್ಲಿ ಅಡಿಕೆ ಕೊನೆ ಬಲಿತಿದೆಯೋ ಇಲ್ಲವೋ ಎಂದು ಎರಡು ಕಣ್ಣಿನ ನಮಗಿಂತ ಮೊದಲು ಹೇಳುತ್ತಾನೆ. ಅವನಿಗೆ ಮಗಳು ಹುಟ್ಟಿದಾಗ ಡಾಕ್ಟರು ಅವಳ ಕಣ್ಣನ್ನು ಎಳೆಯದರಿಂದಲೇ ಮತ್ತೆ ಮತ್ತೆ ಪರೀಕ್ಷೆ ಮಾಡಿದರು. ಒಂದೇ ಕಣ್ಣಿಗೆ ಬಂದವರಲ್ಲೂ ಕೆಲವರಿಗೆ ಹುಟ್ಟಿನಿಂದಲೇ ಒಂದು ಬ್ರೇಕ್ ಕೆಟ್ಟಿರುವುದುಂಟು. ಅಂಥವರ ಪ್ರತಿ ಮಗುವಿಗೂ ಆ ಕೆಟ್ಟ ಪ್ರತಿ ಹೋಗುವ ಸಂಭವ ಅರ್ಧಕ್ಕರ್ಧ. ಅವನ ಮಗಳಿಗೆ ಏನೂ ಇರಲಿಲ್ಲ. ಈಗ ರಕ್ತ ಪರೀಕ್ಷೆಯಿಂದಲೂ ಇದನ್ನು ತಿಳಿಯಬಹುದು.

ಈ ವಾರ ನಿಮಗೆ ಎರಡು ಕೆಲಸ.

ಮಕ್ಕಳೇ, ಮೊದಲನೆಯದು ನಿಮಗೆ. ನಿಮ್ಮ ತರಗತಿಯಲ್ಲೋ ಬೀದಿಯಲ್ಲೋ ಕ್ಯಾನ್ಸರ್ ಚಿಕಿತ್ಸೆ ತೆಗೆದುಕೊಳ್ಳುತ್ತಿರುವ ಮಗುವಿದ್ದರೆ ದೂರ ಕೂರಬೇಡಿ. ನೆಗಡಿಯ ಹಾಗೆ ಅದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಅವರವರ ಕೋಶದ ಬ್ರೇಕ್ ಅವರವರ ಕೋಶದಲ್ಲೇ ಕೆಡುವುದು. ಆ ಮಗುವಿನ ತಪ್ಪಲ್ಲ, ಅದರ ಅಮ್ಮನ ತಪ್ಪೂ ಅಲ್ಲ. ಯಾರಾದರೂ ಹಾಗೆ ಆಡಿಕೊಂಡರೆ ದಾಳದ ಆಟ ಆಡಿ ತೋರಿಸಿ.

ಎರಡನೆಯದು ಅಜ್ಜ ಅಜ್ಜಿಯರಿಗೆ. ಮನೆಯ ಪುಟ್ಟ ಮಕ್ಕಳ ಫೋಟೋಗಳನ್ನು ಒಮ್ಮೆ ಗಮನವಿಟ್ಟು ನೋಡಿ. ಫ್ಲ್ಯಾಶ್ ಹಾಕಿ ತೆಗೆದ ಚಿತ್ರದಲ್ಲಿ ಪಾಪೆ ಕೆಂಪಾಗಿ ಕಾಣುವುದು ಸಾಮಾನ್ಯ. ಒಂದು ಪಾಪೆಯಾಗಲಿ ಎರಡೂ ಆಗಲಿ ಬೆಳ್ಳಗೆ ಹೊಳೆದರೆ, ಇಲ್ಲವೇ ಮಗುವಿಗೆ ಹೊಸದಾಗಿ ಮೆಳ್ಳಗಣ್ಣು ಬಂದಿದ್ದರೆ, ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಬೆಳ್ಳಗೆ ಕಂಡದ್ದೆಲ್ಲ ಕ್ಯಾನ್ಸರ್ ಅಲ್ಲ. ಕಣ್ಣಿನ ಪೊರೆಯೂ ಇರಬಹುದು, ಫೋಟೋ ತೆಗೆದ ಕೋನದ ಕಾರಣವೂ ಇರಬಹುದು. ಅದನ್ನು ಡಾಕ್ಟರು ಹೇಳಲಿ. ಬೇಗ ಗುರುತಿಸಿದರೆ ಬಹುತೇಕ ಮಕ್ಕಳು ಉಳಿಯುತ್ತಾರೆ. ಈಗ ಔಷಧಿ, ಲೇಸರ್ ಇರುವುದರಿಂದ ಎಷ್ಟೋ ಸಲ ಕಣ್ಣೂ ಉಳಿಯುತ್ತದೆ. ತಾಯಿತ ಕಟ್ಟುವುದಿದ್ದರೆ ಕಟ್ಟಿ, ಆದರೆ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕೂತು ಕಟ್ಟಿ.

ಮೊಮ್ಮಗಳ ಮೊಣಕಾಲಿನ ಗಾಯ ಇವತ್ತಿಗೆ ಮಾಗಿದೆ. ಚರ್ಮ ಬೆಳೆದು ಮುಚ್ಚಿಕೊಂಡು, ಸರಿಯಾದ ಹೊತ್ತಿಗೆ ಸುಮ್ಮನಾಗಿದೆ. ಅವಳು ಮತ್ತೆ ಸೈಕಲ್ ತೆಗೆದಿದ್ದಾಳೆ. ಹೊರಡುವ ಮೊದಲು ಎರಡೂ ಬ್ರೇಕ್ ಒತ್ತಿ ನೋಡುವುದನ್ನು ಕಲಿತಿದ್ದಾಳೆ. ನೀವೂ ನೋಡಿಕೊಂಡು ಹೊರಡಿ.

ಮುಂದಿನ ವಾರ ಸಿಗೋಣ.